ಮಾರಿ ಅವನದು, ದನಿ ಯಾರದೋ

ಹೋದ ವಾರ ಮನೆಗೆ ಹೊಸ ಕಲ್ಲು ಹಾಸಿಸುತ್ತಿದ್ದೆ. ನೀರು ಬಿಟ್ಟು ಫರಸಿ ಕಲ್ಲು ಕೊಯ್ಯುವಾಗ ಏಳುವ ಆ ಹಸಿ ಕಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಣ್ಣ ನೆನಪಾದ. ಜೊತೆಗೆ ಹಳೆಯ ಸಿಟ್ಟೂ ಬಂತು.

ಅವನು ರಾಕ್ ಹಾಡುಗಾರ. ತೆಲಂಗಾಣದ ಗಡಿಯ ನಮ್ಮ ತಾಂಡೂರಿನಲ್ಲಿ ರಾಕೇ ಎಂದು ನಗಬೇಡಿ, ಮೈಯೆಲ್ಲ ಉರಿಯುತ್ತದೆ. ಅವರಪ್ಪನ ಕಲ್ಲು ಪಾಲಿಶ್ ಶೆಡ್ಡಿನಲ್ಲಿ ಮಿಷನ್ ಬಂದ್ ಇರುವ ಶುಕ್ರವಾರ ನಾಲ್ವರು ಗೆಳೆಯರು ಗಿಟಾರು, ಡ್ರಮ್ಮು ಹಿಡಿದು ಕೂರುತ್ತಿದ್ದರು. ಒಂದು ಸಾಲು ಕನ್ನಡ, ಒಂದು ತೆಲುಗು, ಒಂದು ಉರ್ದು. ನಮ್ಮ ಗೋಡೆಯಾಚೆಗೂ ಅವನ ಒರಟು ದನಿ ಕೇಳುತ್ತಿತ್ತು. ನಾರಾಯಣಖೇಡದ ಮದುವೆಗಳಲ್ಲಿ ಹಾಡಿದ, ಜಹೀರಾಬಾದಿನ ಶಾಲೆಯೊಂದರಲ್ಲಿ ಗಿಟಾರ್ ಕಲಿಸಿದ. ಆಮೇಲೆ ಅವನ ಉದ್ದ ಕೂದಲು ನೋಡಿ ಹೈದರಾಬಾದಿನ ಸಿನಿಮಾದವರು ವಿಲನ್ನಿನ ಬಂಟನ ಪಾತ್ರ ಕೊಟ್ಟರು...

ಪಾತ್ರ ಕೊಟ್ಟು ದನಿ ಕಿತ್ತುಕೊಂಡರು. ನಿನ್ನ ತೆಲುಗಿಗೆ ಕನ್ನಡದ ವಾಸನೆ ಎಂದು ಬೇರೆಯವನಿಂದ ಡಬ್ಬಿಂಗ್ ಮಾಡಿಸಿದರು. ಬೆಂಗಳೂರಿನ ಧಾರಾವಾಹಿಯಲ್ಲಿ ಇನ್‌ಸ್ಪೆಕ್ಟರ್ ಆದಾಗ, ನಿನ್ನ ಕನ್ನಡಕ್ಕೆ ತೆಲುಗಿನ ವಾಸನೆ ಎಂದು ಅಲ್ಲೂ ಅದೇ. ದೇವರು ಕೊಟ್ಟರೂ ಪೂಜಾರಿ ಕೊಡ. ಹತ್ತು ವರ್ಷ ಅವನು ಪರದೆಯ ಮೇಲೆ ಬಾಯಿ ತೆರೆದ, ಒಮ್ಮೆಯೂ ಅವನು ಕೇಳಿಸಲಿಲ್ಲ.

"ಹೋಗ್ಲಿ ಬಿಡು ತಂಗಿ, ಮಾರಿ ಅಂತೂ ನಂದೇ ಅದ" ಎಂದು ತನ್ನ ಮುಖ ತೋರಿಸಿ ನಗುತ್ತಿದ್ದ.

"ಮಾರಿ ಎಲ್ಲಾರಿಗೂ ಇರ್ತದ ಅಣ್ಣಾ!" ಎಂದು ನಾನು ಜಗಳ ತೆಗೆಯುತ್ತಿದ್ದೆ.

ಆದರೆ ನಾನೇನು ಸಾಚಾ? ಶೆಡ್ಡಿನಲ್ಲಿ ತುಂಬಿಸಿದ ಹಾಡುಗಳ ಒಂದೇ ಒಂದು ಕ್ಯಾಸೆಟ್ಟನ್ನು ಅವನು ಊರು ಬಿಡುವಾಗ ನನ್ನ ಕೈಗೆ ಕೊಟ್ಟು, "ಜ್ವಾಕಿ ಇಡು" ಎಂದಿದ್ದ. ಅವನ ಮೊದಲ ಸಿನಿಮಾ ಟೀವಿಯಲ್ಲಿ ಬಂದ ದಿನ ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ನಮ್ಮ ಅಣ್ಣ ಸಿನಿಮಾದಲ್ಲಿ ಮಾತಾಡುತ್ತಾನೆ ಎಂಬ ಹುಚ್ಚಿನಲ್ಲಿ ಅದರ ಮೇಲೆಯೇ ಅವನ ಡೈಲಾಗುಗಳನ್ನು ತುಂಬಿಸಿಬಿಟ್ಟೆ. ಆಗ ನನಗೆ ಡಬ್ಬಿಂಗ್ ಎಂದರೇನೆಂದೂ ಗೊತ್ತಿರಲಿಲ್ಲ, ಸಿನಿಮಾದಲ್ಲಿ ಎಲ್ಲರ ದನಿಯೂ ಹೀಗೇ ಬೇರೆಯಾಗಿ ಕೇಳುತ್ತದೆ ಅಂದುಕೊಂಡಿದ್ದೆ.

ಕೊನೆಗೆ ಗಂಟಲಿಗೆ ರೋಗ ಬಂತು. ಆಪರೇಷನ್ ಆಗಿ ದನಿ ಹೋಯಿತು. ಒಂದು ಮಧ್ಯಾಹ್ನ ಬಂದು ಚೀಟಿಯಲ್ಲಿ ಬರೆದು ತೋರಿಸಿದ: ಕ್ಯಾಸೆಟ್. ಎಷ್ಟು ಆಸೆಯಿಂದ ಕೂತಿದ್ದ... ನಾನು ನಿಜ ಹೇಳಲಾರದೆ ಅದನ್ನೇ ಟೇಪಿಗೆ ಹಾಕಿ ಹಚ್ಚಿದೆ. ಆ ಬೇರೆಯವನ ದನಿ ಅಬ್ಬರಿಸಿತು. ಅಣ್ಣ ಪೂರ್ತಿ ಕೇಳಿದ. ಬೈಯಲಿಲ್ಲ, ಬೈಯಲು ದನಿ ಎಲ್ಲಿತ್ತು? ನನ್ನ ತಲೆ ನೇವರಿಸಿ ಎದ್ದು ಹೋದ. ಎರಡು ಹೊಡೆದಿದ್ದರೆ ಇಷ್ಟು ವರ್ಷ ನಾನು ಹೀಗೆ ಬೇಯುತ್ತಿರಲಿಲ್ಲ. ಅವನು ಎಲ್ಲರನ್ನೂ ಕ್ಷಮಿಸಿಬಿಟ್ಟ, ನನ್ನನ್ನೂ. ಅದಕ್ಕೇ ಅವನ ಮೇಲೂ ನನಗೆ ಸಿಟ್ಟು. ಎರಡು ತಿಂಗಳಿಗೆ ತೀರಿಕೊಂಡ.

ಹೋದ ವಾರ ಕಲ್ಲು ಹಾಸುವವನು ಊಟದ ಹೊತ್ತಿಗೆ ಮೊಬೈಲಿನಲ್ಲಿ ಹಳೆಯ ಸಿನಿಮಾ ಹಚ್ಚಿದ. ಅದೇ ಉದ್ದ ಕೂದಲು.

"ಏನ್ ದನಿ ಅದರಿ ಅಕ್ಕಾ ಈ ಮನಷ್ಯಾಂದು!" ಎಂದ.

"ಬಂದ್ ಮಾಡು ಅದನ್ನ!" ಎಂದು ಕಿರುಚಿದೆ.

ಅವನು ಗಾಬರಿಯಾಗಿ ಆರಿಸಿದ. "ಯಾಕ್ರಿ ಅಕ್ಕಾ, ಗುರ್ತಿನವರೇನ್ರಿ?"

"ಮಾರಿ ಗುರ್ತದ" ಎಂದೆ.

ಅವನಿಗೆ ಅಣ್ಣನ ನಿಜವಾದ ದನಿ ಹೇಗಿತ್ತೆಂದು ತೋರಿಸಬೇಕೆನಿಸಿ ಆ ಶುಕ್ರವಾರಗಳ ಹಾಡು ಶುರು ಮಾಡಿದೆ. ಮಾತು ಬಂತು, ಧಾಟಿ ಬಂತು... ದನಿ ಮಾತ್ರ ನನಗೂ ನೆನಪಾಗಲಿಲ್ಲ.