ವೃದ್ಧಾಶ್ರಮದ ವಕೀಲಮ್ಮ

ಅಕ್ಷರ ಸೊಟ್ಟ, ಪದಗಳೂ ಅಷ್ಟಕ್ಕಷ್ಟೆ. ಇದು ಶಾಲೆಯನ್ನು ಅರ್ಧಕ್ಕೇ ಬಿಟ್ಟವರ ಕೈಬರಹವೆಂದು ಓದುವವರು ಮನ್ನಿಸಬೇಕು. ಅಜ್ಜಿಯನ್ನು ನೋಡಲು ವೃದ್ಧಾಶ್ರಮಕ್ಕೆ ಬರುವ ಒಬ್ಬ ಹುಡುಗಿಯ ಸೋದರತ್ತೆಗೆ ಅಲ್ಲಿನ ಆಯಾಗಳು ಇಟ್ಟ ಹೆಸರು ವಕೀಲಮ್ಮ. ಗೇಟಿನಲ್ಲಿ ಅವರ ಕೆಮ್ಮು ಕೇಳಿದರೆ ಸಾಕು, ಒಳಗಿನ ಹಾಸಿಗೆಗಳ ಚಾದರಗಳು ತಾವಾಗಿಯೇ ನೆಟ್ಟಗಾಗುತ್ತವೆ. "ಏನ್ರೀ, ನಮ್ಮಮ್ಮನಿಗೆ ತಣ್ಣೀರು ಸ್ನಾನನಾ? ನಿಮ್ಮ ತಲೆ ಮೇಲೂ ಒಂದು ಬಕೆಟ್ ಸುರೀಲಾ?" ಎಂದರೆ ಬಿಸಿನೀರು ಬರುತ್ತದೆ, ಸೊಂಟದ ಮೇಲೆ ಕೈ ಇಟ್ಟರೆ ಕೆಟ್ಟ ಫ್ಯಾನೂ ತಿರುಗುತ್ತದೆ. ದಿನವೂ ಬಂದು ಅಜ್ಜಿಗೆ ಉಣಿಸುವ ಹುಡುಗಿಗೋ ನರ್ಸಿನ ಎದುರು ನಾಲಿಗೆಯೇ ಏಳುವುದಿಲ್ಲ. ಅಜ್ಜಿಯೂ ಕಣ್ಣು ಬಿಟ್ಟೊಡನೆ ಕೇಳುವುದು, "ನನ್ನ ಮಗಳು ಬಂದ್ಲಾ?" ಎಂದೇ. ಆಗೆಲ್ಲ ಹುಡುಗಿಗೆ ಹೊಟ್ಟೆ ಉರಿಯುತ್ತದೆ. ಅತ್ತೆಯ ಗಂಟಲು ಒಂದು ದಿನವಾದರೂ ಕಟ್ಟಲಿ ಎಂದುಕೊಂಡದ್ದೂ ಉಂಟು. ಇವತ್ತು ಅಜ್ಜಿಯ ಊಟ ಮುಗಿದಾಗ ಆಯಾ ಬಂದು, ನಾಳೆ ಮಧ್ಯಾಹ್ನ ಅಜ್ಜಿಯನ್ನು ಕಿಟಕಿಯ ಬಳಿಯಿಂದ ಹಿಂದಿನ ಕತ್ತಲೆ ಕೋಣೆಗೆ ಹಾಕುತ್ತಾರೆಂದು ಪಿಸುಗುಟ್ಟಿದಳು. ಹೇಳೋಣವೆಂದು ಹುಡುಗಿ ಅತ್ತೆಯನ್ನು ಹುಡುಕಿದರೆ, ಅವರು ಪರದೆಯ ಹಿಂದೆ ನಿಂತು, ಅವಳು ಉಣಿಸಿದ ಹಾಗೆಯೇ ಖಾಲಿ ಚಮಚವನ್ನು ಗಾಳಿಯಲ್ಲಿ ಓರೆ ಮಾಡಿ ನೋಡುತ್ತಿದ್ದರು. "ನಾನು ಕೊಟ್ರೆ ಹಲ್ಲು ಕಚ್ಕೊಂಡು ಕೂತಿರ್ತಾಳೆ ಕಣೇ. ನಿನಗೆ ಮಾತ್ರ ಬಾಯಿ ಬಿಡ್ತಾಳೆ. ಏನು ಮಾಟ ಮಾಡಿದೀಯೋ!" ಎಂದರು, ನಗಲಿಲ್ಲ. ಅದು ಹೊಟ್ಟೆಕಿಚ್ಚಿನ ದನಿ ಎಂದು ಹುಡುಗಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಆ ಸುದ್ದಿಯನ್ನು ಅತ್ತೆಗೆ ಬಿಟ್ಟುಕೊಡಲಿಲ್ಲ. ನಾಳೆ ಬೆಳಿಗ್ಗೆ, ಅತ್ತೆ ಬರುವ ಮೊದಲೇ, ಅವಳು ಮೇಲ್ವಿಚಾರಕರ ಬಾಗಿಲು ತಟ್ಟಿ, ಅಜ್ಜಿಯ ಹಾಸಿಗೆ ಕಿಟಕಿಯ ಬಳಿಯೇ ಇರಬೇಕೆಂದು ಹೇಳುತ್ತಾಳೆ.