ಎರಡನೆಯ ಹಿಡಿ

ರಾಯಬಾಗದ ಬಸ್ ನಿಲ್ದಾಣದ ಎದುರು ಗೋಬಿ ಗಾಡಿಯವನು ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಿಮಗೆ ನಗು ಬರಬಹುದು. ನನಗೆ ಆ ವಾಸನೆಯೆಂದರೆ ನೆಲಕ್ಕೆ ಬಿದ್ದು ಕಾಲು ಬಡಿಯುತ್ತಿರುವ ಆಕಳು.

ಐನಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಪದ್ಮಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರೂ ಒಬ್ಬರೇ, ನಾನೂ ಒಬ್ಬನೇ. ಇಬ್ಬರ ನಡುವೆ ದಿನಕ್ಕೆ ನಾಲ್ಕು ಮಾತೂ ಇರುತ್ತಿರಲಿಲ್ಲ. ಅವರು ಮಾತಾಡುತ್ತಿದ್ದದ್ದು ಚಂದ್ರಿ ಎಂಬ ಆಕಳ ಜೊತೆ. ಗೋಡೆಯ ಈಚೆ ಕುಳಿತು, ನನಗೇ ಹೇಳಿದಂತೆ ಕೇಳಿಸಿಕೊಳ್ಳುತ್ತಿದ್ದೆ.

ಹಸಿ ಹುಲ್ಲನ್ನು ಕತ್ತರಿಸಿ, ಚೀಲದಲ್ಲಿ ಒತ್ತಿ ಹುಳಿಸಿದ ಮುರಘಾಸವೇ ಚಂದ್ರಿಯ ಮೇವು. ಹಾಲು ಇಳಿದಾಗ ದನದ ಡಾಕ್ಟರು ಬಂದರು.

"ಬರೇ ಹುಲ್ಲಿನ ಮುರಘಾಸದಾಗ ಪ್ರೋಟೀನ್ ಸಾಲೂದಿಲ್ರಿ. ದಿನಕ್ಕ ಒಮ್ಮೆ ಇಷ್ಟು ಯೂರಿಯಾ ಬೆಲ್ಲದ ನೀರಾಗ ಕರಗಿಸಿ ಕಲಸ್ರಿ. ಹೆಚ್ಚಾದ್ರ ವಿಷ, ನೋಡ್ರಿ."

ಅವರು ತೂಗಿಕೊಟ್ಟದ್ದು ಪದ್ಮಕ್ಕನ ಪುಟ್ಟ ಕೈಯಲ್ಲಿ ಸರಿಯಾಗಿ ಒಂದು ಹಿಡಿ.

ಒಂದು ಮುಂಜಾನೆ ಪದ್ಮಕ್ಕ ಬಸದಿಗೆ ಹೋಗಿದ್ದರು. ಉಪಕಾರದ ಹುಮ್ಮಸ್ಸಿನಲ್ಲಿ ನಾನೇ ಒಂದು ಹಿಡಿ ಯೂರಿಯಾ ಕಲಸಿ ತಿನ್ನಿಸಿದೆ. ನನ್ನ ಕೈ ಅವರ ಕೈಗಿಂತ ದೊಡ್ಡದೆಂದು ಎಂ.ಎ. ಓದಿದವನಿಗೆ ಹೊಳೆಯಲಿಲ್ಲ. ನಾನು ಸ್ನಾನಕ್ಕೆ ಹೋದಾಗ ಅವರು ಮರಳಿ ಬಂದು, ಏನೂ ಗೊತ್ತಿಲ್ಲದೆ ತಮ್ಮ ಹಿಡಿಯನ್ನೂ ಹಾಕಿದರು.

ಅರ್ಧ ತಾಸಿನಲ್ಲಿ ಚಂದ್ರಿಯ ಮೈ ನಡುಗಿತು. ಬಾಯಲ್ಲಿ ನೊರೆ ಬಂತು, ಹೊಟ್ಟೆ ಉಬ್ಬಿತು, ಆಕಳು ಕೆಳಗೆ ಬಿತ್ತು. ಡಾಕ್ಟರು ಫೋನಿನಲ್ಲಿ, "ವಿನೆಗರ್ ಸಿಕ್ರ ತಣ್ಣೀರಾಗ ಕೂಡಿಸಿ ಕುಡಸ್ರಿ, ನಾ ಬಂದ್ನಿ" ಎಂದರು. ಆ ಊರಲ್ಲಿ ಗೋಬಿ ಗಾಡಿ ಇಟ್ಟಿದ್ದ ಮೌಲಾ ಎಂಬವನ ಮನೆಗೆ ಓಡಿ, ಆಕಳಿಗೆ ವಿನೆಗರ್ ಬೇಕು ಎಂದೆ.

"ಯಾಕ್ರಿ ಸರ, ಆಕಳಿಗೆ ಮಂಚೂರಿ ಮಾಡ್ತೀರೇನು?" ಎಂದವನು, ನನ್ನ ಮುಖ ನೋಡಿ ಇದ್ದಬದ್ದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ತಾನೇ ಬೈಕ್ ಏರಿದ.

ಆಕಳು ಬದುಕಿತು. "ನನ್ನ ಕೈಯಾಗ ಹೆಚ್ಚಾತು," ಎಂದು ಪದ್ಮಕ್ಕ ತಮ್ಮ ಅಂಗೈ ನೋಡುತ್ತ ಕುಳಿತರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ತಮ್ಮ ಕೈಯ ಮೇಲೆ ನಂಬಿಕೆ ಹೋಯಿತೆಂದು ತಿಂಗಳೊಳಗೆ ಅವರು ಚಂದ್ರಿಯನ್ನು ಮಾರಿಬಿಟ್ಟರು. ಆಮೇಲೆ ಆ ಮನೆಯಲ್ಲಿ ಮಾತಿನ ಸದ್ದೇ ಇರಲಿಲ್ಲ.

ರಾಯಬಾಗಕ್ಕೆ ವರ್ಗವಾಗಿ ಬಂದ ಮೇಲೂ ಆ ಮುಂಜಾನೆ ನನ್ನನ್ನು ಬಿಡಲಿಲ್ಲ. ಮನಸ್ಸಿನಲ್ಲಿ ಪ್ರತಿ ಸಲವೂ ನಾನು ಬಚ್ಚಲಿನಿಂದಲೇ, ಆಗಲೇ ಹಾಕಿದ್ದೇನೆ ಎಂದು ಕೂಗಿ ಹೇಳುತ್ತೇನೆ. ಪ್ರತಿ ಸಲವೂ ಆಕಳು ನಿಂತೇ ಇರುತ್ತದೆ.

ಇವತ್ತು ಆ ಗೋಬಿ ಗಾಡಿಯ ಎದುರಿನಿಂದಲೇ ಪದ್ಮಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಆಗ ಹೇಳಿದ್ರ ನಾ ಆಕೀನ್ನ ಮಾರ್ತಿದ್ದಿಲ್ರಿ, ಸರ."

ಬೈಯಲಿಲ್ಲ. ಫೋನೂ ಇಡಲಿಲ್ಲ. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ನಾನು ಅವರ ಉಸಿರು ಕೇಳುತ್ತ ನಿಂತಿದ್ದೆ.