ಸಿಪ್ರಿಯನ್ ನನಗಾಗಿ ಹೇಳಿದ ಸುಳ್ಳು

ನನಗಾಗಿ ಒಬ್ಬ ಮನುಷ್ಯ ಸುಳ್ಳು ಹೇಳಿದ. ಹೇಳಿದ್ದು ಗುರುವಾರ. ಶನಿವಾರ ಇಗರ್ಜಿಗೆ ಹೋಗಿ ಅದನ್ನು ಪಾದ್ರಿಯ ಕಿವಿಗೆ ಹಾಕಿದ. ಆದಿತ್ಯವಾರ ಹೊಟ್ಟೆ ತುಂಬ ಉಂಡು ಗೊರಕೆ ಹೊಡೆದ. ಸುಳ್ಳು ಹೇಳದ ನಾನು ಮಾತ್ರ ಇಡೀ ವಾರ ಅನ್ನ ಸೇರದೆ ಕೂತೆ. ಇದು ಯಾವ ನ್ಯಾಯ?

ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನು ಬಂತು?

ಸಿಪ್ರಿಯನ್ ನನ್ನ ನೆರೆಮನೆಯವನು. ಅತ್ತಾವರದ ಒಂದೇ ಕಂಪೌಂಡಿನ ಎರಡು ಬಾಡಿಗೆ ಮನೆಗಳಲ್ಲಿ ನಾವಿದ್ದೇವೆ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ನಾವೂ ನೆರೆಕರೆಯಾದೆವು. ಒಂದೇ ಹೈಸ್ಕೂಲಿನಲ್ಲಿ ಅವನು ಲೆಕ್ಕದ ಮಾಸ್ತರ, ನಾನು ಸೈನ್ಸ್ ಮಾಸ್ತರ. ಅವನದು ಕೊಂಕಣಿ, ನನ್ನದು ತುಳು, ಜಗಳಕ್ಕೆ ಕನ್ನಡ.

ಜಗಳ ಯಾವುದರ ಬಗ್ಗೆ ಎಂದು ಈ ಅಂಕಣ ಓದುವವರಿಗೆ ಹೇಳಬೇಕೆ? ನನಗೂ ದೇವರಿಗೂ ಅಷ್ಟಕ್ಕಷ್ಟೆ. ಅವನಿಗೆ ಶಾಸ್ತ್ರದಲ್ಲಿ ಬರೆದದ್ದೇ ನೀತಿ.

“ದೇವರ ಹೆದರಿಕೆ ಇಲ್ಲದವ ಕದಿಯದೆ ಇರುವುದು ಎಂತಕ್ಕೆ ಮಾರಾಯ?” ಎಂದು ಅವನು ಕೇಳುತ್ತಾನೆ.

“ಹೆದರಿಕೆಗೆ ಕದಿಯದವನೂ ಕಳ್ಳನೇ. ಬರೀ ಧೈರ್ಯ ಇಲ್ಲದ ಕಳ್ಳ” ಎಂದು ನಾನು ಹೇಳುತ್ತೇನೆ.

ಬೈಬಲಿನ ಹತ್ತು ಕಟ್ಟಳೆಯಲ್ಲಿ ಒಂದನ್ನು ಕಿತ್ತರೂ ಮನೆ ಬೀಳುತ್ತದೆ ಎಂದು ಅವನು. ಕಟ್ಟಳೆ ಇಳಿದು ಬರುವ ಮೊದಲು ಮನುಷ್ಯರು ಒಬ್ಬರನ್ನೊಬ್ಬರು ತಿಂದುಕೊಂಡು ಇದ್ದರಾ ಎಂದು ನಾನು. ಹೀಗೆ ಏಳು ಗಂಟೆಯವರೆಗೆ. ಏಳಕ್ಕೆ ಸರಿಯಾಗಿ ಅವನ ಹೆಂಡತಿ ಒಳಗಿಂದ ಕರೆಯುತ್ತಾಳೆ. ಅವರ ಮನೆಯಲ್ಲಿ ತೇರ್ಸ್, ಎಂದರೆ ಜಪಮಾಲೆ ಹಿಡಿದು ಎಲ್ಲರೂ ಮೊಣಕಾಲೂರಿ ಮಾಡುವ ಸಂಜೆಯ ಪ್ರಾರ್ಥನೆ. ಅದು ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಕೈಜೋಡಿಸಿ ಅಪ್ಪನ ಹತ್ತಿರ ಆಶೀರ್ವಾದ ಕೇಳುತ್ತವೆ. ಮೀಸೆ ಬಂದ ದೊಡ್ಡ ಮಗನೂ ಕೇಳುತ್ತಾನೆ.

ನನ್ನ ಕಿಟಕಿಯಿಂದ ಇದೆಲ್ಲ ಚೆನ್ನಾಗಿ ಕಾಣುತ್ತದೆ. (ಕಿಟಕಿ ಮುಚ್ಚಬಹುದು. ಮುಚ್ಚುವುದಿಲ್ಲ.) ನನಗೆ ದೇವರು ಬೇಡ. ಆದರೆ ಮೀಸೆ ಬಂದ ಮಗ ಬಂದು ತಲೆ ಬಗ್ಗಿಸುವುದು ಯಾವ ಅಪ್ಪನಿಗೆ ಬೇಡ? ನನ್ನ ಮಗಳು ಆ ಹೊತ್ತಿಗೆ ರೇಡಿಯೋದ ಮುಂದೆ ಇರುತ್ತಾಳೆ. ನಾನೇ ಹಾಗೆ ಬೆಳೆಸಿದ್ದು, ಯಾರಿಗೆ ದೂರುವುದು?

ಆ ಮಗಳು ವಸಂತಿಗೆ ಈಗ ಸಂಬಂಧ ಬಂದಿತ್ತು. ಪಡೀಲಿನ ಸಂಜೀವಣ್ಣ ಎಂಬವರ ಮಗ. ಹುಡುಗನಿಗೆ ಬೇಂಕಿನಲ್ಲಿ ಕೆಲಸ. ನೋಡಿ ಹೋದ ಮೇಲೆ ವಸಂತಿ ಏನೂ ಹೇಳಲಿಲ್ಲ. ಆದರೆ ಬಟ್ಟೆ ಒಣಹಾಕುವಾಗ ಹಾಡತೊಡಗಿದಳು. ಅಷ್ಟು ಸಾಕಲ್ಲ?

ನಮ್ಮ ಕಡೆಯ ಕ್ರಮ ನಿಮಗೆ ಗೊತ್ತೇ ಇದೆ. ಹೆಣ್ಣು ಒಪ್ಪಿಗೆಯಾದರೂ ಮಾತು ಕೊಡುವ ಮೊದಲು ಒಮ್ಮೆ ನೆರೆಕರೆಯಲ್ಲಿ ವಿಚಾರಿಸುತ್ತಾರೆ. ಮನೆಯವರಿಗೆ ತಿಳಿಸದೆ. ಸಂಜೀವಣ್ಣ ಆ ಗುರುವಾರ ಸಂಜೆ ಬಂದದ್ದು ಅದಕ್ಕೇ. ನಾನು ಕಂಕನಾಡಿ ಮಾರ್ಕೆಟಿಗೆ ಮೀನಿಗೆ ಹೋಗಿದ್ದೆ. ಅವರು ಹತ್ತಿದ್ದು ಸಿಪ್ರಿಯನ್ನನ ಜಗಲಿ.

ಹುಡುಗಿಯ ಬಗ್ಗೆ ಕೇಳಿದರು. ನನ್ನ ಹೆಂಡತಿ ಗಿರಿಜೆಯ ಬಗ್ಗೆ ಕೇಳಿದರು. ಎಲ್ಲ ಸರಿ. ಕೊನೆಗೆ ಕೇಳಿದರಂತೆ: “ಅಲ್ಲ, ಮಾಸ್ಟ್ರು ಪೇಪರಿನಲ್ಲಿ ಎಂತೆಂತದೋ ಬರೀತಾರಂತಲ್ಲ? ದೈವ ದೇವರು ಒಂದೂ ಇಲ್ಲವಾ ಅವರಿಗೆ? ನಮ್ಮ ಮನೆಯವಳಿಗೆ ಅದೇ ಹೆದರಿಕೆ.”

ಹತ್ತು ಕಟ್ಟಳೆಯ ಸಿಪ್ರಿಯನ್ ಏನು ಹೇಳಬೇಕಿತ್ತು? ಏನು ಹೇಳಿದ ಗೊತ್ತೆ?

“ಛೆ ಛೆ, ಅದೆಲ್ಲ ಪೇಪರಿಗೆ ಬರೆಯುವುದು. ಮನೆಯಲ್ಲಿ ಬೇರೆ. ದಿನಾ ಬೆಳಿಗ್ಗೆ ಮಿಂದು ದೇವರಿಗೆ ಕೈ ಮುಗಿದೇ ಶಾಲೆಗೆ ಹೊರಡುವುದು ಅವ.”

ನಾನು ಮೀನಿನ ಚೀಲ ಹಿಡಿದು ಗೇಟು ದಾಟುವಾಗಲೇ ಓಡಿ ಬಂದು ಇದನ್ನು ಹೇಳಿದ, ಮುಖ ಅರಳಿಸಿಕೊಂಡು. “ವಸಂತಿಯ ಮದುವೆ ಆಯ್ತು ಅಂತಲೇ ತಿಳ್ಕೊ!”

ನನಗೆ ಬಂದ ಕೋಪ ಎಂಥದ್ದು! ಪೇಪರಿಗೆ ಬರೆಯುವುದು ಬೇರೆಯಂತೆ. ಹಾಗಾದರೆ ಇಷ್ಟು ವರ್ಷ ನಿಮಗೆ ನಾನು ವಾರವಾರ ಬರೆದದ್ದೆಲ್ಲ ಬುರುಡೆಯೆ? ಹತ್ತು ಜನ ಬೈದರೂ ಬದಲಿಸದ ಮಾತನ್ನು ಇವನು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮಾರಿಬಿಟ್ಟ.

“ಸುಳ್ಳು ಸಾಕ್ಷಿ ಹೇಳಬಾರದು ಅಂತ ನಿನ್ನ ಕಟ್ಟಳೆಯಲ್ಲಿ ಇಲ್ಲವಾ?” ಎಂದೆ.

“ಉಂಟು” ಎಂದ. ಮುಖ ಸ್ವಲ್ಪ ಇಳಿಯಿತು. “ಹುಡುಗಿ ನಮ್ಮ ಎದುರು ಆಡಿ ಬೆಳೆದವಳು ಮಾರಾಯ. ಬಾಯಿಗೆ ಬಂದುಹೋಯಿತು. ಶನಿವಾರ ಕುಮ್ಸಾರಿಗೆ ಹೋಗ್ತೇನೆ.”

ಕುಮ್ಸಾರು ಎಂದರೆ ಅವರ ಪಾಪನಿವೇದನೆ. ಮರದ ಪೆಟ್ಟಿಗೆಯಂಥ ಗೂಡಿನಲ್ಲಿ ಪಾದ್ರಿ ಕೂತಿರುತ್ತಾರೆ. ಜಾಲರಿಯ ಈಚೆ ಮೊಣಕಾಲೂರಿ ವಾರದ ತಪ್ಪುಗಳನ್ನೆಲ್ಲ ಪಿಸುಗುಟ್ಟುವುದು. ಅವರು ಇಂತಿಷ್ಟು ಪ್ರಾರ್ಥನೆ ಹೇಳು ಎನ್ನುತ್ತಾರೆ, ಆಯಿತು. ಹೀಗೆಂದು ನನ್ನ ತಿಳಿವಳಿಕೆ. ಎಷ್ಟು ಸಲೀಸು! ಮೈಮೇಲಿನ ಮಣ್ಣಿಗೆ ಸ್ನಾನವಿದ್ದ ಹಾಗೆ ಇವರಿಗೆ ಒಳಗಿನದಕ್ಕೂ ಒಂದು ಬಚ್ಚಲುಮನೆ ಇದೆ.

ಆದಿತ್ಯವಾರ ಬೆಳಿಗ್ಗೆ ಪೂಜೆಗೆ ಹೋದವನು ಬಂದದ್ದು ಮಧ್ಯಾಹ್ನ ದಾಟಿದ ಮೇಲೆ. ಬಿಳಿ ಪ್ಯಾಂಟಿನ ಅಂಚಿಗೆ ಕೆಂಪು ಧೂಳು. ಮುಖ ಮಾತ್ರ ಕ್ಷೌರ ಮಾಡಿಸಿಕೊಂಡು ಬಂದವನ ಹಾಗೆ ಲಕಲಕ.

“ಇಷ್ಟು ಹೊತ್ತು ಎಂತ ಲ್ಯಾಟಿನ್ ಪೂಜೆ ಮಾರಾಯ?”

“ಹೊತ್ತಾಯಿತು ಇವತ್ತು” ಎಂದಷ್ಟೇ ಹೇಳಿ ಊಟಕ್ಕೆ ಹೋದ. ಹಂದಿಮಾಂಸದ ಪರಿಮಳ ನಮ್ಮ ಜಗಲಿಯವರೆಗೆ. ಆಮೇಲೆ ಗೊರಕೆ.

ನಾನು ಉರಿದುಹೋದೆ. ಸುಳ್ಳಿನ ಬಾಯಿ ಅವನದು, ಲಾಭ ನನ್ನದು. ಅವನು ತೊಳೆದುಕೊಂಡ. ನಾನು ಎಲ್ಲಿ ತೊಳೆಯಲಿ? ನಾಸ್ತಿಕನಿಗೆ ಯಾವ ಪಾದ್ರಿ, ಯಾವ ಜಾಲರಿ? ನನ್ನನ್ನು ಕ್ಷಮಿಸುವ ಅಧಿಕಾರ ಇರುವುದು ನನಗೊಬ್ಬನಿಗೇ. ನನ್ನಷ್ಟು ಕೆಟ್ಟ ಅಧಿಕಾರಿ ಈ ಊರಿನಲ್ಲಿ ಇನ್ನೊಬ್ಬನಿಲ್ಲ.

ಸೋಮವಾರವೇ ಪಡೀಲಿಗೆ ಹೋಗಿ ನಿಜ ಹೇಳಬಹುದಿತ್ತು. ಹೋದೆನೆ? ಇಲ್ಲ. ಸೋಮವಾರ ಪರೀಕ್ಷೆಯ ಪೇಪರು ತಿದ್ದುವುದಿತ್ತು. ಮಂಗಳವಾರ ತಲೆನೋವು. ಬುಧವಾರ, ನಾನೇನು ಸುಳ್ಳು ಹೇಳಿದೆನೆ ಎಂಬ ತರ್ಕ. ಹೆದರಿಕೆಗೆ ಕದಿಯದವನೂ ಕಳ್ಳ ಎಂದವನು ನಾನೇ. ಈಗ ಮಗಳ ಸಂಬಂಧ ತಪ್ಪುವ ಹೆದರಿಕೆಗೆ ಬಾಯಿ ಮುಚ್ಚಿ ಕೂತವನೂ ನಾನೇ.

ಗಿರಿಜೆಗೆ ಹೇಳಿದೆ. ಅವಳು ಸಮಸ್ಯೆಯನ್ನು ಸೊಪ್ಪು ಹೆಚ್ಚುತ್ತಲೇ ಬಗೆಹರಿಸಿದಳು.

“ನಾಳೆಯಿಂದ ಮಿಂದು ದೇವರಿಗೆ ಕೈ ಮುಗೀರಿ. ಸಿಪ್ರಿಯನ್ ಮಾಸ್ಟ್ರು ಹೇಳಿದ್ದು ನಿಜ ಆಗ್ತದೆ. ಅಷ್ಟೇ ಅಲ್ವಾ?”

ನಗಬೇಡಿ. ಶುಕ್ರವಾರ ಬೆಳಿಗ್ಗೆ ಮಿಂದು ಅವಳ ದೀಪದ ಎದುರು ನಿಂತೆ ನಾನು! ಕೈ ಹೊಟ್ಟೆಯವರೆಗೆ ಎದ್ದಿತ್ತು. ಹಿಂದೆ ವಸಂತಿಯ ಸ್ವರ.

“ಅಪ್ಪ, ಎಂತ ಮಾಡ್ತಾ ಇದ್ದೀರಿ?”

ಕೈ ಕೆಳಗಿಳಿಯಿತು. ಅವಳಿಗೆ ಎಲ್ಲ ಗೊತ್ತಿತ್ತು. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ?

“ನನಗೋಸ್ಕರ ಇದೆಲ್ಲ ಬೇಡ” ಎಂದಳು. “ಹೇಳ್ಬೇಕು ಅಂತ ಇದ್ರೆ ಹೋಗಿ ಹೇಳಿ. ಆದ್ರೆ ಬೇಗ ಹೇಳಿ ಅಪ್ಪ. ಮನಸ್ಸು ತುಂಬ ಮುಂದೆ ಹೋಗುವ ಮೊದಲು.”

ಮನಸ್ಸು ಆಗಲೇ ಮುಂದೆ ಹೋಗಿದೆ ಎಂಬುದು ಅವಳ ಸ್ವರದಲ್ಲೇ ಇತ್ತು. ನನಗೆ ಅಳು ಬಂದಂತಾಯಿತು.

ಆದಿತ್ಯವಾರ ಪಡೀಲಿನ ಬಸ್ಸು ಹತ್ತಿದೆ. ಇಳಿದು ಮಣ್ಣಿನ ದಾರಿಯಲ್ಲಿ ನಡೆಯುವಾಗ ನಾಲ್ಕು ಸಲ ಹಿಂದೆ ತಿರುಗುವ ಮನಸ್ಸಾಯಿತು. ಸಂಜೀವಣ್ಣ ಜಗಲಿಯಲ್ಲೇ ಇದ್ದರು. ಬೆಲ್ಲ ನೀರು ತರಿಸಿದರು. ಹೇಳದೆ ಬೆಲ್ಲ ಬಾಯಿಗೆ ಹಾಕಬಾರದೆಂದು ನಿಂತಲ್ಲೇ ಹೇಳಿಬಿಟ್ಟೆ.

“ನಾನು ದೇವರಿಗೆ ಕೈ ಮುಗಿಯುವವನಲ್ಲ. ಪೇಪರಿನಲ್ಲಿ ಬರೆಯುವುದೇ ನಿಜ. ನೆರೆಮನೆಯವ ಹೇಳಿದ್ದು ಸುಳ್ಳು. ನನ್ನ ಮಗಳದ್ದು ಇದರಲ್ಲಿ ಎಂತ ತಪ್ಪೂ ಇಲ್ಲ. ಇನ್ನು ನಿಮಗೆ ಬಿಟ್ಟದ್ದು.”

ಸಂಜೀವಣ್ಣ ಒಳಗೆ ತಿರುಗಿ ಹೆಂಡತಿಯನ್ನು ಕರೆದರು. “ಬಂದ್ರು ನೋಡು!”

ನನಗೆ ಅರ್ಥವಾಗಲಿಲ್ಲ.

“ನಿಮ್ಮ ಸಿಪ್ರಿಯನ್ ಮಾಸ್ಟ್ರು ಕಳೆದ ಆದಿತ್ಯವಾರವೇ ಬಂದು ಹೇಳಿ ಹೋಗಿದ್ದಾರೆ” ಎಂದರು. “ಪಾದ್ರಿಗಳು ಬಿಡಲಿಲ್ಲವಂತೆ. ಬರೀ ಪ್ರಾರ್ಥನೆಯಲ್ಲಿ ಆಗುವುದಿಲ್ಲ, ಯಾರ ಹತ್ತಿರ ಸುಳ್ಳು ಹೇಳಿದ್ದೀಯೋ ಅವರ ಹತ್ತಿರ ಹೋಗಿ ನಿಜ ಹೇಳು ಅಂದ್ರಂತೆ. ಪೂಜೆ ಮುಗಿಸಿ ಸೀದಾ ಬಂದದ್ದು ಪಾಪ. ಬಸ್ಸು ಸಿಗದೆ ನಡ್ಕೊಂಡೇ ಬಂದ್ರು.”

ಆ ಕೆಂಪು ಧೂಳು ಎಲ್ಲಿಯದು ಎಂದು ಆಗ ತಿಳಿಯಿತು.

“ನಮ್ಮ ಮನೆಯವಳು ಅವತ್ತೇ ಬೇಡ ಅಂದಿದ್ಲು. ದೇವರಿಲ್ಲದವರ ಮಾತು ನಂಬುವುದು ಹೇಗೆ ಅಂತ. ಆಗ ಮಾಸ್ಟ್ರು ಹೇಳಿದ್ರು, ‘ಅವ ತಾನಾಗಿಯೇ ಬಂದು ನಿಮಗೆ ನಿಜ ಹೇಳ್ತಾನೆ. ನಾನು ಅವನಿಗೆ ಹೇಳುವುದಿಲ್ಲ. ಒಂದು ವಾರ ಕಾದು ನೋಡಿ’ ಅಂತ. ಇವತ್ತು ನೀವು ಬಾರದಿದ್ದರೆ ನಾಳೆ ಬೇಡ ಅಂತ ಹೇಳಿ ಕಳಿಸುವುದಿತ್ತು.”

ನಾನು ಬೆರಳಲ್ಲಿ ದಿನ ಎಣಿಸಿದೆ. ತಲೆನೋವು ಇನ್ನೊಂದು ದಿನ ಇದ್ದಿದ್ದರೆ?

ಸಂಬಂಧ ಗಟ್ಟಿಯಾಯಿತು. ಸಂಜೀವಣ್ಣನ ಹೆಂಡತಿಯೇ ನನ್ನ ಕೈಗೆ ಹೂವು, ವೀಳ್ಯದೆಲೆ ಕೊಟ್ಟು ಕಳಿಸಿದರು. ವಸಂತಿ ಅದನ್ನು ತೆಗೆದುಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಸೀದಾ ಪಕ್ಕದ ಜಗಲಿಗೆ ಹೋದೆ.

“ದೇವರ ಹೆದರಿಕೆ ಇಲ್ಲದವನಿಗೆ ನಡತೆ ಇಲ್ಲ ಅಂತ ಹೇಳುವವ ನೀನು. ನಾನು ಹೋಗ್ತೇನೆ ಅಂತ ಯಾವ ಧೈರ್ಯದಲ್ಲಿ ಹೇಳಿದ್ದು?”

“ಈಗಲೂ ಹಾಗೇ ಹೇಳ್ತೇನೆ” ಎಂದ ಸಿಪ್ರಿಯನ್. “ಆದ್ರೆ ನಿನ್ನನ್ನು ನೋಡಿದ್ದೇನಲ್ಲ ಇಷ್ಟು ವರ್ಷ.”

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಅವನ ಕೈ ಹಿಡಿದು ಸೋಲು ಒಪ್ಪುತ್ತಿದ್ದೆ. ನಿಜವಾಗಿ ಗೆದ್ದದ್ದು ಯಾರು ಎಂಬುದು ಬೇರೆ ಮಾತು. ಅವನು ನಿಲ್ಲಿಸಲಿಲ್ಲ.

“ಮತ್ತೆ, ಸುಮ್ಮನೆ ಧೈರ್ಯ ಅಲ್ಲ. ವಾರವಿಡೀ ತೇರ್ಸಿನಲ್ಲಿ ನಿನ್ನ ಹೆಸರು ಹೇಳಿ ಬೇಡಿಕೊಂಡದ್ದು ನಾವು. ಮಕ್ಕಳು ಸಹ. ಅವನಿಗೆ ಪಡೀಲಿಗೆ ಹೋಗುವ ಮನಸ್ಸು ಕೊಡು ಅಂತ. ದೇವರು ಕೇಳಿದ ನೋಡು!”

ಕೇಳಿದಿರಲ್ಲ? ನನ್ನ ಬಸ್ಸು, ನನ್ನ ಕಾಲು, ನನ್ನ ನಡುಗುವ ಬಾಯಿ. ಯಾವ ಶಾಸ್ತ್ರವೂ ಕಳಿಸದೆ, ಯಾವ ಪಾದ್ರಿಯೂ ಗದರದೆ, ನಾನೇ ನಾನಾಗಿ ಹೋದದ್ದು.

(ಇದನ್ನೆಲ್ಲ ಬರೆಯಲೆ ಎಂದು ಅವನನ್ನು ಕೇಳಿದೆ. “ಧಾರಾಳ ಬರೆ, ನನ್ನ ಹೆಸರು ಬದಲಿಸಬೇಡ” ಎಂದ. ಪುಣ್ಯಾತ್ಮನಿಗೆ ಅದೂ ಬೇಕು.)

ಅವನ ಪಾಪ ಅವನ ಪಾದ್ರಿಗೆ ಹೋಯಿತು, ಸರಿ. ನನ್ನ ಪುಣ್ಯವೂ ಅವನ ದೇವರಿಗೇ ಹೋಗಬೇಕೆ?